ಕಾರಿನ ಮೇಲೆ ಧೂಳಿದ್ದರೆ ಇರಲಿ ಬಿಡಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತು ಅಂದರೆ ನಿಮ್ಮ ಓದುಗರ ಪತ್ರಗಳಲ್ಲಿ ಕಾರು ತೊಳೆಯುವವರ ಮೇಲೆ ಸಿಟ್ಟೂ ಬರುತ್ತದೆ. ಕಾವೇರಿ ನೀರಲ್ಲಿ ಕಾರು ತೊಳೀತಾರೆ, ಫೋಟೋ ತೆಗೀರಿ, ದಂಡ ಹಾಕಿ, ಹೀಗೆ. ಸಿಟ್ಟು ತಪ್ಪು ಅನ್ನುತ್ತಿಲ್ಲ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಹತ್ತಿರ ಹತ್ತಿರ ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದ ನೀರು ಟೈರ್ ಮೇಲೆ ಹರಿದು ಮೋರಿಗೆ ಹೋಗುವುದನ್ನು ನೋಡಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ, ಕುಡಿಯುವ ನೀರಲ್ಲಿ ವಾಹನ ತೊಳೆಯಬಾರದು ಅಂತ ಆದೇಶ ಮಾಡಿತು. 5,000 ರೂಪಾಯಿ ದಂಡ, ಮತ್ತೆ ಸಿಕ್ಕಿಬಿದ್ದರೆ ದಿನಕ್ಕೆ 500 ರೂಪಾಯಿ ಜಾಸ್ತಿ. ನೀರು ಪೋಲು ಮಾಡಿದ 22 ಮನೆಗಳಿಂದ 1.1 ಲಕ್ಷ ರೂಪಾಯಿ ವಸೂಲೂ ಆಯಿತು. 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ. ಆಮೇಲೆ ಮಳೆ ಬಂತು, ಎಲ್ಲರೂ ಮರೆತರು, ಬಕೆಟ್ ಮತ್ತೆ ಬೀದಿಗೆ ಬಂತು.

ನನ್ನ ತಕರಾರು ಬೇರೆ. ನಾನು ಇಪ್ಪತ್ತಾರು ವರ್ಷ ಟಿಂಕರಿಂಗ್-ಪೇಂಟಿಂಗ್ ಶೆಡ್‌ನಲ್ಲಿ ಕೆಲಸ ಮಾಡಿದವನು. ಈಗ ಕೈ ನಡುಗುತ್ತದೆ, ಸ್ಪ್ರೇ ಗನ್ ಹಿಡಿಯುವುದು ಬಿಟ್ಟಿದ್ದೇನೆ. ಆಕ್ಸಿಡೆಂಟ್ ಆಗಿ ಬಂದ ಗಾಡಿಗಳಿಗಿಂತ, ತೊಳೆದೂ ತೊಳೆದೂ ಬಣ್ಣ ಕಳಕೊಂಡು ಬಂದ ಗಾಡಿಗಳೇ ನನಗೆ ಜಾಸ್ತಿ ನೆನಪಿರುವುದು. "ದಿನಾ ತೊಳೆಸ್ತೀನಿ ಕಣ್ರೀ, ಒಂದಿನ ತಪ್ಪಿಸಿಲ್ಲ, ಆದ್ರೂ ಹೀಗ್ಯಾಕಾಯ್ತು?" ಅಂತ ಓನರ್ ಕೇಳೋರು. ದಿನಾ ತೊಳೆಸಿದ್ದಕ್ಕೇ ಹೀಗಾಗಿದ್ದು ಸ್ವಾಮಿ ಅಂದರೆ ನಂಬುತ್ತಿರಲಿಲ್ಲ. ಪೇಂಟರ್ ಅಲ್ವಾ, ಕೆಲಸ ತಪ್ಪಿಸಿಕೊಳ್ಳೋಕೆ ಏನೋ ಹೇಳ್ತಾನೆ ಅಂದುಕೊಳ್ಳೋರು.

ಕಾರಿನ ಬಣ್ಣ ಎಷ್ಟು ದಪ್ಪ ಇರುತ್ತದೆ ಗೊತ್ತಾ? ಕಂಪನಿಯಿಂದ ಬಂದ ಗಾಡಿಯಲ್ಲಿ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಅದರ ಮೇಲೆ ಹೊಳಪಿನ ಕ್ಲಿಯರ್, ಎಲ್ಲಾ ಸೇರಿ 100ರಿಂದ 120 ಮೈಕ್ರಾನ್ ಆಸುಪಾಸು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅದರಲ್ಲಿ ಕ್ಲಿಯರ್ ಅನ್ನುವುದು 40-50 ಮೈಕ್ರಾನ್. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ. ನಿಮ್ಮ ಹತ್ತು ಲಕ್ಷದ ಕಾರಿನ ಹೊಳಪೆಲ್ಲಾ ಕೂದಲಿಗಿಂತ ತೆಳ್ಳಗಿನ ಆ ಪದರದಲ್ಲೇ ಇರುವುದು. ಬಿಸಿಲು ತಡೆದು ಕೆಳಗಿನ ಬಣ್ಣ ಮಾಸದ ಹಾಗೆ ಕಾಯುವುದೂ ಅದೇ. ಗೆರೆ ಬಿತ್ತು ಅಂತ ಮೆಷಿನ್ ಹಾಕಿಸಿ ರಬ್ಬಿಂಗ್ ಮಾಡಿಸುತ್ತೀರಲ್ಲ, ಅಲ್ಲಿ ಗೆರೆಯನ್ನು ಯಾರೂ ತುಂಬುವುದಿಲ್ಲ, ಗೆರೆ ಎಷ್ಟು ಆಳ ಇದೆಯೋ ಅಷ್ಟು ಸುತ್ತಲಿನ ಕ್ಲಿಯರನ್ನೇ ಸವೆಸಿ ಸಮ ಮಾಡುತ್ತೇವೆ, ಅಷ್ಟೇ. ದೀಪಾವಳಿಗೊಂದು ಯುಗಾದಿಗೊಂದು ಅಂತ ಮಾಡಿಸುತ್ತಾ ಹೋದರೆ ಒಂದು ದಿನ ಸವೆಸಲು ಏನೂ ಉಳಿದಿರುವುದಿಲ್ಲ. ಆಗ ಬಾನೆಟ್ಟು, ಟಾಪು ಬಿಳಚಿಕೊಂಡು ಹಾವಿನ ಪೊರೆ ಹಾಗೆ ಏಳುತ್ತದೆ. ಆಮೇಲೆ ಏನಿದ್ದರೂ ಹೊಸ ಪೇಂಟೇ.

ಈಗ ನಮ್ಮ ರಸ್ತೆಗೆ ಬನ್ನಿ. ಹನ್ನೆರಡು ಕಾರುಗಳಿವೆ. ಬೆಳಿಗ್ಗೆ ಐದೂವರೆಗೆ ಒಬ್ಬ ಹೆಣ್ಣುಮಗಳು ಬರುತ್ತಾರೆ. ಕಾರಿಗೆ ಒಂದು ಬಕೆಟ್ ನೀರು, ಹನ್ನೆರಡಕ್ಕೂ ಸೇರಿ ಒಂದೇ ಬಟ್ಟೆ, ಅದೂ ಯಾರೋ ಕೊಟ್ಟ ಹಳೇ ಲುಂಗಿ ತುಂಡು. ಮೊದಲು ಬಟ್ಟೆಯಲ್ಲಿ ಪಟಪಟ ಅಂತ ಧೂಳು ಹೊಡೆಯುವುದು, ಆಮೇಲೆ ಅದೇ ಬಟ್ಟೆ ಬಕೆಟ್‌ಗೆ, ಬಕೆಟ್‌ನಿಂದ ಬಾನೆಟ್‌ಗೆ, ಬಾನೆಟ್‌ನಿಂದ ವೀಲಿಗೆ, ವೀಲಿನಿಂದ ಮತ್ತೆ ಬಕೆಟ್‌ಗೆ. ಮೂರನೇ ಕಾರಿನ ಹೊತ್ತಿಗೆ ಆ ಬಟ್ಟೆಯನ್ನು ಹಿಂಡಿ ಅಂಗೈ ಮೇಲೆ ಉಜ್ಜಿ ನೋಡಿದೆ. ಚರಚರ ಅಂತು. ನಾವು ಶೆಡ್‌ನಲ್ಲಿ 1500 ನಂಬರ್ ಎಮ್ರಿ ಪೇಪರನ್ನು ನೀರಲ್ಲಿ ನೆನೆಸಿ ಉಜ್ಜುತ್ತಿದ್ದೆವು, ಹೊಳಪು ತೆಗೆಯಲು ಅಂತಲೇ. ಇಲ್ಲಿ ಅದನ್ನೇ ದಿನಾ ಪುಕ್ಕಟೆ ಮಾಡಿಸುತ್ತಿದ್ದಾರೆ. ಪುಕ್ಕಟೆ ಕೂಡಾ ಅಲ್ಲ, ತಿಂಗಳಿಗೆ ದುಡ್ಡು ಕೊಟ್ಟು.

ಆಕೆಯ ತಪ್ಪೇನಿದೆ ಹೇಳಿ. ಬಟ್ಟೆ ಕೊಟ್ಟವರು ನಾವು, ದಿನಾ ಒದ್ದೆ ಕಾಣಬೇಕು ಅಂದವರು ನಾವು. ಒಂದು ದಿನ ಕಾರಿನ ಕೆಳಗೆ ನೆಲ ಒಣಗಿದ್ದರೆ "ಇವತ್ತು ಬಂದಿಲ್ವಾ" ಅಂತ ಕೇಳುವವರೂ ನಾವೇ.

ಎದುರು ಮನೆಯವರದು ಕಪ್ಪು ಕಾರು. ಕೊಂಡು ಎರಡು ವರ್ಷ ಆಗಿಲ್ಲ. ರಾತ್ರಿ ಅವರನ್ನು ಹೊರಗೆ ಕರೆದು ಬಾನೆಟ್ ಮೇಲೆ ಮೊಬೈಲ್ ಟಾರ್ಚ್ ಹಿಡಿದೆ. ಬೆಳಕಿನ ಸುತ್ತ ಜೇಡರ ಬಲೆ ಹಾಗೆ ಸಾವಿರ ಸಣ್ಣ ಸಣ್ಣ ಗೆರೆ, ಎಲ್ಲಾ ದುಂಡಗೆ ಕಾಣುವ ಹಾಗೆ. ಪಾಪ ಮನುಷ್ಯ ಟಾರ್ಚನ್ನು ಆಚೆ ಈಚೆ ಸರಿಸಿ ನೋಡಿದರು, ಬಲೆ ಬೆಳಕಿನ ಜೊತೆಗೇ ಸರಿಯಿತು. "ಇದು ಮೊದಲಿಂದ ಇತ್ತಾ?" ಅಂದರು. ನೀವೂ ಒಮ್ಮೆ ನಿಮ್ಮ ಗಾಡಿಗೆ ಟಾರ್ಚ್ ಹಿಡಿದು ನೋಡಿ. ಬಿಳಿ ಕಾರಿದ್ದರೆ ಕಾಣುವುದು ಕಷ್ಟ, ಅದಕ್ಕೇ ಬಿಳಿ ಕಾರಿನವರು ನೆಮ್ಮದಿಯಾಗಿರುವುದು.

ಧೂಳು ಸುಮ್ನೆ ಕೂತಿದ್ದರೆ ಬಣ್ಣಕ್ಕೆ ಏನೂ ಮಾಡುವುದಿಲ್ಲ. ಅದನ್ನು ಉಜ್ಜಿದಾಗಲೇ ತೊಂದರೆ. ಒಣ ಬಟ್ಟೆಯಲ್ಲಿ ಒರೆಸುವುದು ಎಲ್ಲಕ್ಕಿಂತ ಕೆಟ್ಟದ್ದು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ, ಮೆಟ್ರೋ ಕೆಲಸ ನಡೆಯುತ್ತಿದ್ದರೆ ಮಾತ್ರ ಲೆಕ್ಕ ಬೇರೆ. ಸಿಮೆಂಟ್ ಧೂಳಿಗೆ ಇಬ್ಬನಿ ಬಿದ್ದರೆ ಕಚ್ಚಿಕೊಳ್ಳುತ್ತದೆ, ಅದನ್ನು ಬೇಗ ನೀರು ಬಿಟ್ಟು ಇಳಿಸಬೇಕು. ಉಳಿದ ಧೂಳು ವಾರ ಕೂತರೂ ಕೂತಿರಲಿ. ಗಾಜು, ಕನ್ನಡಿ, ಲೈಟು ಒರೆಸಿದರೆ ಗಾಡಿ ಓಡಿಸಲು ಸಾಕು.

ನಮ್ಮ ರಸ್ತೆಯಲ್ಲಿ ಮಾಡಿದ್ದು ಇಷ್ಟೇ. ಹನ್ನೆರಡು ಕಾರಿನ ಲೆಕ್ಕ ಹಾಕಿ, ದಿನಕ್ಕೆ ಎರಡು ಕಾರು, ಹಾಗಾಗಿ ಆರು ದಿನಕ್ಕೊಮ್ಮೆ ಒಂದು ಕಾರಿನ ಸರದಿ, ಭಾನುವಾರ ಆಕೆಗೆ ರಜಾ. ಸಂಬಳ ಒಂದು ಪೈಸೆ ಕಡಿಮೆ ಮಾಡಿಲ್ಲ, ಇದು ಮುಖ್ಯ, ಯಾಕೆಂದರೆ ಇಬ್ಬರು "ದಿನಾ ಬರಲ್ಲ ಅಂದ್ಮೇಲೆ ಅರ್ಧ ಕೊಡೋಣ" ಅಂತ ಶುರು ಮಾಡಿದ್ದರು. ಮೊದಲು ದಿನಕ್ಕೆ ಹನ್ನೆರಡು ಬಕೆಟ್, 15 ಲೀಟರಿನ ಬಕೆಟ್ ಆದರೆ 180 ಲೀಟರ್. ಈಗ ಕಾರಿಗೆ ಎರಡು ಬಕೆಟ್‌ನಂತೆ ನಾಲ್ಕು, 60 ಲೀಟರ್. ಪೈಪ್ ಹಿಡಿಯುವವರ ಲೆಕ್ಕ ಇನ್ನೂ ಬೇರೆ. ನಮ್ಮನೆ ಪೈಪಿಗೆ ಬಕೆಟ್ ಇಟ್ಟು ನೋಡಿದೆ, ಒಂದು ನಿಮಿಷಕ್ಕೆ ತುಂಬಿತು. ಹತ್ತು ನಿಮಿಷ ಪೈಪ್ ಬಿಟ್ಟು ಫೋನಲ್ಲಿ ಮಾತಾಡುತ್ತಾ ನಿಂತರೆ ಒಂದೇ ಕಾರಿಗೆ 150 ಲೀಟರ್.

ಎರಡು ಬಕೆಟ್ ಯಾಕೆ ಅಂತ ಆಕೆಯೂ ಕೇಳಿದರು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಮೊದಲು ಎರಡು ಮೂರು ಚೊಂಬು ನೀರು ಮೇಲಿಂದ ಸುರಿದು ಧೂಳು ಇಳಿಸಬೇಕು. ಆಮೇಲೆ ಟಾಪಿನಿಂದ ಶುರು ಮಾಡಿ ಕೆಳಗೆ ಬರಬೇಕು, ಪ್ರತಿ ಸಲ ಬಟ್ಟೆಯನ್ನು ಬರೀ ನೀರಲ್ಲಿ ಜಾಲಾಡಿ ಆಮೇಲೆ ಶಾಂಪೂಗೆ ಅದ್ದಬೇಕು. ಮಣ್ಣೆಲ್ಲಾ ಬರೀ ನೀರಿನ ಬಕೆಟ್ ತಳದಲ್ಲೇ ಕೂರುತ್ತದೆ. ಬಾಗಿಲ ಕೆಳಭಾಗ, ಬಂಪರ್ ಕೊನೆಗೆ, ವೀಲಿಗೆ ಬೇರೆಯೇ ಬಟ್ಟೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಮತ್ತೆ ಮುಟ್ಟಿಸಬಾರದು, ಇದನ್ನು ಕಲಿಸಲು ಒಂದು ವಾರ ಹಿಡಿಯಿತು, ನನಗೇ ಎರಡು ಸಲ ಮರೆತುಹೋಯಿತು. ಸಣ್ಣ ಎಳೆಯ ಮೈಕ್ರೋಫೈಬರ್ ಬಟ್ಟೆ ಒಗೆಯುವಾಗ, ಬಟ್ಟೆ ಮೆತ್ತಗಾಗಲು ಹಾಕುವ ಕಂಫರ್ಟ್ ಥರದ್ದು ಹಾಕಬೇಡಿ, ಎಳೆಗಳು ಮುಚ್ಚಿಕೊಂಡು ಬಟ್ಟೆ ನೀರು ಹೀರುವುದನ್ನೇ ಬಿಡುತ್ತದೆ. ಸೋಪಿನ ಪುಡಿಯಂತೂ ಬೇಡವೇ ಬೇಡ. ಜಿಡ್ಡು ತೆಗೆಯುವ ಹಾಗೇ ಬಣ್ಣದ ಮೇಲೆ ಹಚ್ಚಿದ ವ್ಯಾಕ್ಸನ್ನೂ, ಅಂದರೆ ಮೇಣವನ್ನೂ, ತೆಗೆದುಬಿಡುತ್ತದೆ, ಬಾಗಿಲಿನ ಬೀಡಿಂಗ್ ರಬ್ಬರ್ ಒಣಗಿ ಬಿರಿಯುತ್ತದೆ.

ತೊಳೆದ ಮೇಲೆ ಒರೆಸದೆ ಬಿಡುವುದು ಇನ್ನೊಂದು. ನಮ್ಮಲ್ಲಿ ಬೋರ್‌ವೆಲ್ ನೀರು, ಟ್ಯಾಂಕರ್ ನೀರು, ಸ್ಟೀಲ್ ಪಾತ್ರೆಯಲ್ಲಿ ಒಣಗಿಸಿದರೆ ಬಿಳಿ ಕಲೆ ಬೀಳುವಂಥದ್ದು. ಬಿಸಿಲಲ್ಲಿ ಕಾದ ಬಾನೆಟ್ ಮೇಲೆ ಅದೇ ನೀರು ಹನಿಹನಿಯಾಗಿ ಒಣಗಿದರೆ ಸುಣ್ಣದ ಚುಕ್ಕಿ ಕೂರುತ್ತದೆ. ಹೊಸದಾಗಿದ್ದರೆ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಅದ್ದಿ ಒರೆಸಿ, ಕೂಡಲೇ ಬರೀ ನೀರಲ್ಲಿ ತೊಳೆದರೆ ಹೋಗುತ್ತದೆ. ತಿಂಗಳಾನುಗಟ್ಟಲೆ ಬಿಟ್ಟರೆ ಮತ್ತೆ ಮೆಷಿನ್ನೇ ಗತಿ. ಪಾರಿವಾಳದ ಹಿಕ್ಕೆ ಮಾತ್ರ ಕಾಯಿಸುವ ಹಾಗಿಲ್ಲ, ಬೇಸಿಗೆಯಲ್ಲಿ ಒಂದೇ ದಿನದಲ್ಲಿ ಕ್ಲಿಯರನ್ನು ಕೊರೆದು ಅಚ್ಚು ಬಿಡುತ್ತದೆ. ಒದ್ದೆ ಬಟ್ಟೆ ಮೇಲಿಟ್ಟು ಹತ್ತು ನಿಮಿಷ ನೆನೆಯಲು ಬಿಟ್ಟು ಎತ್ತಿ. ಉಗುರಲ್ಲಿ ಕೆರೆಯಬೇಡಿ.

ಆಯುಧಪೂಜೆ ವಿಷಯ ಬರೆದರೆ ಕೆಲವರಿಗೆ ಬೇಜಾರಾಗಬಹುದು, ಆದರೂ ಬರೆಯುತ್ತೇನೆ. ನಮ್ಮ ಶೆಡ್‌ಗೆ ಪ್ರತಿ ವರ್ಷ ಹಬ್ಬ ಆದ ವಾರ ನಾಲ್ಕೈದು ಗಾಡಿ ಬರುತ್ತಿದ್ದವು. ಅರಿಶಿನದ ಕಲೆಗೆ ಚಿಂತೆ ಬೇಡ, ಬಿಸಿಲಿಗೆ ತಾನೇ ಮಾಸುತ್ತದೆ. ಅಂಗಡಿ ಕುಂಕುಮದ ಬಣ್ಣ ಹಾಗಲ್ಲ, ಬಿಳಿ ಕಾರಿನ ಮೇಲೆ ಒದ್ದೆ ಮಾಡಿ ಹಚ್ಚಿದರೆ ಗುಲಾಬಿ ಕಲೆ ಉಳಿದುಬಿಡುತ್ತದೆ. ಬಾಳೆಕಂದಿನ ರಸ ಬಂಪರ್ ಮೇಲೆ ಇಳಿದು ಕಂದು ಕಲೆಯಾಗುತ್ತದೆ, ಬಾಳೆ ಕಲೆ ಬಟ್ಟೆಗೆ ಬಿದ್ದರೇ ಹೋಗಲ್ಲ, ಇನ್ನು ಇಲ್ಲಿ? ಹೂವು ಅಂಟಿಸಿದ ಸೆಲ್ಲೋಟೇಪು ತಿಂಗಳು ಬಿಟ್ಟು ಕಿತ್ತರೆ ಗೋಂದು ಅಲ್ಲೇ. ಪೂಜೆ ಭರ್ಜರಿಯಾಗಿಯೇ ಮಾಡಿ. ಗಂಧ ಕುಂಕುಮ ಗಾಜಿನ ಮೇಲೆ ಇಡಿ, ಬಾಳೆಕಂದಿಗೂ ಬಂಪರಿಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಸೇರಿಸಿ, ಮಾರನೇ ದಿನ ಎಲ್ಲಾ ಬಿಚ್ಚಿ.

ವಾಟರ್ ವಾಶ್‌ಗೆ ಬಿಡುವವರಿಗೆ ಒಂದು ಮಾತು. ತೊಳೆದಾದ ಮೇಲೆ ಕಾರನ್ನು ಮೇಲೆತ್ತಿ ಕೆಳಗಡೆ ಡೀಸೆಲ್ಲೋ ಹಳೇ ಆಯಿಲ್ಲೋ ಹೊಡೆಯುತ್ತಾರೆ, ತುಕ್ಕು ಹಿಡಿಯಲ್ಲ ಸಾರ್ ಅಂತ. ಬೇಡ ಅನ್ನಿ. ಚಕ್ರದ ಕಡೆ ಕೀಲುಗಳಲ್ಲಿರುವ ರಬ್ಬರ್ ಬುಶ್ ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗುತ್ತದೆ, ಮೇಲೆ ಧೂಳು ಮೆತ್ತಿಕೊಂಡು ಗಾಣದ ಹಿಂಡಿ ಹಾಗೆ ಆಗಿರುತ್ತದೆ. ಇಂಜಿನ್ ಮೇಲೆ ಪ್ರೆಶರ್ ನೀರು ಬಿಡುವುದೂ ಬೇಡ, ಈಗಿನ ಗಾಡಿಯಲ್ಲಿ ಬಾನೆಟ್ ಕೆಳಗೆ ವೈರು, ಸೆನ್ಸರ್ರೇ ಜಾಸ್ತಿ. ಗಾಡಿ ವಾಪಸ್ ತರುವಾಗ ಬ್ರೇಕ್ ಒದ್ದೆ ಇರುತ್ತದೆ, ಮೆಲ್ಲಗೆ ಎರಡು ಮೂರು ಸಲ ಒತ್ತಿ ಒಣಗಿಸಿಕೊಂಡು ಮುಂದೆ ಹೋಗಿ.

ಒಳಗಿನ ವಿಷಯದಲ್ಲಿ ನಾನು ಪಂಡಿತ ಏನಲ್ಲ, ಪೆಟ್ಟು ತಿಂದು ಕಲಿತವನು. ಹೋದ ವರ್ಷ ಹಾಲಿನ ಪ್ಯಾಕೆಟ್ ಸೀಟಿನ ಕೆಳಗೆ ಒಡೆದಿತ್ತು. ಗಡಿಬಿಡಿಯಲ್ಲಿ ಬಿಸಿನೀರು ಸುರಿದು ಉಜ್ಜಿದೆ. ಹಾಲು ಒಡೆದು ಕಾರ್ಪೆಟ್ ಎಳೆಯೊಳಗೆ ಕೂತುಬಿಟ್ಟಿತು. ಮೂರು ದಿನ ಆದಮೇಲೆ ಬಾಗಿಲು ತೆಗೆದ ಮೊಮ್ಮಗಳು ಮೂಗು ಹಿಡಿದು "ತಾತಾ, ನಾನು ಆಟೋದಲ್ಲಿ ಬರ್ತೀನಿ" ಅಂದಳು. ತಣ್ಣೀರಲ್ಲಿ ಒತ್ತಿ ಒತ್ತಿ ತೆಗೆದು, ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ರಾತ್ರಿ ಬಿಟ್ಟು ಬೆಳಿಗ್ಗೆ ವ್ಯಾಕ್ಯೂಮ್ ಮಾಡಬೇಕಿತ್ತಂತೆ. ಆಮೇಲೆ ಅದನ್ನೇ ಮಾಡಿದೆ, ನಾಲ್ಕು ಸಲ.

ಡ್ಯಾಶ್‌ಬೋರ್ಡಿಗೆ ಹೊಳೆಯುವ ಪಾಲಿಶ್ ಹೊಡೆಸುತ್ತಾರಲ್ಲ, ಬಿಸಿಲಲ್ಲಿ ಅದರ ಪ್ರತಿಬಿಂಬ ಮುಂದಿನ ಗಾಜಿಗೆ ಬಿದ್ದು ರಸ್ತೆಯೇ ಕಾಣುವುದಿಲ್ಲ. ಕೆಲವು ಪುಣ್ಯಾತ್ಮರು ಅದನ್ನು ಸ್ಟೀರಿಂಗಿಗೆ, ಬ್ರೇಕ್ ಪೆಡಲಿಗೂ ಹೊಡೆಯುತ್ತಾರೆ, ಕಾಲು ಜಾರಿದರೆ ಗತಿ ಏನು? ಹಿಂಡಿದ ಒದ್ದೆ ಬಟ್ಟೆ ಸಾಕು. ಮೇಲಿನ ರೂಫ್ ಬಟ್ಟೆಯನ್ನು ನೆನೆಸಿ ಉಜ್ಜಿದರೆ ಅಂಟು ಬಿಟ್ಟು ಜೋತುಬೀಳುತ್ತದೆ. ಸೀಟ್ ಕವರ್ ಹಾಕಿಸುವ ಮುಂಚೆ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅಂತ ಸಣ್ಣ ಪಟ್ಟಿ ಇದೆಯಾ ನೋಡಿ, ಇದ್ದರೆ ಅಲ್ಲಿ ಮುಚ್ಚುವಂಥ ಕವರ್ ಹಾಕಬೇಡಿ, ಬೇಕಾದಾಗ ಬ್ಯಾಗ್ ಬಿಚ್ಚಿಕೊಳ್ಳುವುದಿಲ್ಲ. ಎಸಿ ಹಾಕಿದ ಕೂಡಲೇ ಹಳೇ ಸಾಕ್ಸ್ ವಾಸನೆ ಬಂದರೆ ಪರ್ಫ್ಯೂಮ್ ಡಬ್ಬಿ ಇಟ್ಟು ಏನೂ ಪ್ರಯೋಜನ ಇಲ್ಲ. ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ತೆಗೆಸಿ ನೋಡಿ. ಮನೆ ಎರಡು ಮೂರು ನಿಮಿಷ ಇದೆ ಅನ್ನುವಾಗ ಎಸಿ ಆಫ್ ಮಾಡಿ ಫ್ಯಾನ್ ಮಾತ್ರ ಓಡಿಸಿದರೆ ಒಳಗಿನ ತೇವ ಆರುತ್ತದೆ. ನಾವು ಹೊಂಗೆ ಮರದ ಕೆಳಗೆ ನಿಲ್ಲಿಸುವವರು, ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ, ಹೂವು ತುಂಬಿ ಮಳೆ ನೀರು ಇಳಿಯಲು ದಾರಿ ಇಲ್ಲದೆ ಕಾರಿನೊಳಗೆ ಬಂದಿತ್ತು. ಮ್ಯಾಟ್ ಎತ್ತಿದರೆ ಕೆಳಗೆ ಕೆರೆ. ಈಗ ವಾರಕ್ಕೊಮ್ಮೆ ಅಲ್ಲಿ ಕೈ ಹಾಕಿ ಎಲೆ ತೆಗೆಯುತ್ತೇನೆ.

ಕೋಟಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನನ್ನ ಅಕ್ಕನ ಮಗ ಹೊಸ ಕಾರು ತಗೊಂಡಾಗ ಶೋರೂಮಿನವರು ಬಿಲ್ಲಿನಲ್ಲೇ ಟೆಫ್ಲಾನ್ ಕೋಟಿಂಗ್ ಸೇರಿಸಿದ್ದರು. ಯಾವ ಶೋರೂಮು ಅಂತ ಬೇಡ, ಎಲ್ಲಾ ಒಂದೇ. ಟೆಫ್ಲಾನ್ ದೋಸೆ ತವಾಗೆ ಹಿಡಿಯಬೇಕಾದರೆ 300 ಡಿಗ್ರಿ ದಾಟಿ ಕಾಯಿಸಬೇಕು. ಕಾರಿನ ಮೇಲೆ ಬಟ್ಟೆಯಲ್ಲಿ ಉಜ್ಜಿದರೆ ಅದೊಂದು ದುಬಾರಿ ವ್ಯಾಕ್ಸ್, ಅಷ್ಟೇ, ಕೆಲವು ತಿಂಗಳಿಗೆ ಹೋಗುತ್ತದೆ. ಸೆರಾಮಿಕ್ ಅದಕ್ಕಿಂತ ವಾಸಿ, ನೀರು ಕೆಸುವಿನೆಲೆ ಮೇಲಿನ ಹಾಗೆ ಉರುಳುತ್ತದೆ, ತೊಳೆಯುವುದು ಸುಲಭ. ಆದರೆ ಅದರ ದಪ್ಪ ಒಂದೆರಡು ಮೈಕ್ರಾನ್, ಲುಂಗಿ ತುಂಡನ್ನೂ ತಡೆಯುವುದಿಲ್ಲ, ಲಾರಿ ಚಕ್ರದಿಂದ ಹಾರಿದ ಕಲ್ಲನ್ನೂ ತಡೆಯುವುದಿಲ್ಲ. ಕಲ್ಲು ತಡೆಯುವುದು ಪಿಪಿಎಫ್ ಅನ್ನುವ ದಪ್ಪ ಫಿಲ್ಮ್, 150-200 ಮೈಕ್ರಾನಿನದು. ಅದರ ರೇಟು ಕೇಳಿ ಕೂತುಕೊಳ್ಳಿ, ಹೈವೇಲಿ ಜಾಸ್ತಿ ಓಡಾಡುವವರು ಬಾನೆಟ್ಟಿಗೆ, ಮುಂದಿನ ಬಂಪರಿಗೆ ಮಾತ್ರ ಹಾಕಿಸಿದರೂ ನಡೆಯುತ್ತದೆ. ಉಳಿದವರಿಗೆ ಎರಡು ತಿಂಗಳಿಗೊಮ್ಮೆ ನೆರಳಲ್ಲಿ ನಿಲ್ಲಿಸಿ ನೀವೇ ಹಚ್ಚುವ ಒಂದು ಡಬ್ಬಿ ವ್ಯಾಕ್ಸ್ ಸಾಕು ಅನ್ನುವುದು ನನ್ನ ಮಾತು.

ಹಾಂ, ಕರಾವಳಿಯವರು ಈ ಪತ್ರ ನೋಡಿ ತೊಳೆಯುವುದೇ ನಿಲ್ಲಿಸಬೇಡಿ. ನಿಮ್ಮಲ್ಲಿ ಉಲ್ಟಾ. ನನ್ನ ತಂಗಿ ಮನೆ ಕುಂದಾಪುರದ ಹತ್ತಿರ. ಮರವಂತೆಯಲ್ಲಿ ರಸ್ತೆಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ಗಾಳಿ ಜೋರಿದ್ದ ದಿನ ಗಾಜಿನ ಮೇಲೆ ಬೆರಳಿಟ್ಟು ನಾಲಿಗೆಗೆ ಮುಟ್ಟಿಸಿದರೆ ಉಪ್ಪು. ಅಲ್ಲಿ ಬಾನೆಟ್ಟಿಗಿಂತ ಕೆಳಭಾಗಕ್ಕೆ ಬರೀ ನೀರು ಬಿಡುವುದು ಮುಖ್ಯ. ಬಾಗಿಲಿನ ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ, ಅವು ಕಟ್ಟಿಕೊಂಡರೆ ಬಾಗಿಲು ಒಳಗಿಂದಲೇ ತುಕ್ಕು ಹಿಡಿಯುತ್ತದೆ. ತಂಗಿ ಗಂಡ ಹಿಡಿಸೂಡಿಯಿಂದ ಒಂದು ಕಡ್ಡಿ ಮುರಿದು ತಂದು ಎಲ್ಲಾ ತೂತಿಗೂ ಹಾಕುತ್ತಾರೆ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ. ಅವರ ಹದಿನಾಲ್ಕು ವರ್ಷದ ಗಾಡಿಯ ಬಾಗಿಲು ಇನ್ನೂ ಗಟ್ಟಿ. ಆಷಾಢದಲ್ಲಿ ಮೂಲೆಗೆ ಹಾಕಿಟ್ಟ ಕಾರಿನ ಸೀಟು, ಬೆಲ್ಟಿನ ಮೇಲೆಲ್ಲಾ ಬೂಸಲು ಬರುತ್ತದೆ, ಬಿಸಿಲು ಕಂಡ ದಿನ ನಾಲ್ಕೂ ಬಾಗಿಲು ತೆರೆದಿಡಿ. ಒದ್ದೆ ಗಾಡಿ ಮೇಲೆ ಕವರ್ ಮಾತ್ರ ಹಾಕಬೇಡಿ.

ಇದೆಲ್ಲಾ ನಾನು ಕಂಡುಹಿಡಿದದ್ದಲ್ಲ. ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ಮುಕ್ಕಾಲು ಭಾಗ ಇದೆ. ಆ ಪುಸ್ತಕ ಗ್ಲೋವ್ ಬಾಕ್ಸಿನಲ್ಲಿ ಕವರ್ ಕೂಡಾ ಬಿಚ್ಚದೆ ಮಲಗಿರುತ್ತದೆ, ನಾನು ನೋಡಿದ ಪುಸ್ತಕಗಳೆಲ್ಲಾ ಇಂಗ್ಲಿಷಿನವೇ. ಓನರ್ ಓದುವುದಿಲ್ಲ. ಓದಿದರೂ ಕಾರಿಗೆ ಕೈ ಹಚ್ಚುವವರು ಅವರಲ್ಲ, ಹಚ್ಚುವ ಡ್ರೈವರ್‌ಗೆ, ತೊಳೆಯುವ ಹುಡುಗನಿಗೆ, ನಮ್ಮ ರಸ್ತೆಯ ಆ ಹೆಣ್ಣುಮಗಳಿಗೆ ಕನ್ನಡ ಬಿಟ್ಟು ಬೇರೆ ಓದಲು ಬರುವುದಿಲ್ಲ. ಕಾರು ಮಾರುವವರು ಶುಚಿ ಮಾಡುವ ಆ ನಾಲ್ಕು ಪುಟವನ್ನಾದರೂ ಕನ್ನಡದಲ್ಲಿ ಅಚ್ಚು ಹಾಕಿ ಕೊಡಲಿ. ನಿಮ್ಮ ವಾಹನದ ಪುಟದಲ್ಲೂ ಹೊಸ ಗಾಡಿ, ಮೈಲೇಜು, ಸನ್‌ರೂಫ್ ಬಿಟ್ಟು ಒಂದು ವಾರ ಇದಕ್ಕೆ ಅರ್ಧ ಪುಟ ಕೊಡಿ, ದೊಡ್ಡ ಅಕ್ಷರದಲ್ಲಿ, ಕತ್ತರಿಸಿ ಅಪಾರ್ಟ್‌ಮೆಂಟ್ ಪಾರ್ಕಿಂಗ್ ಗೋಡೆಗೆ ಅಂಟಿಸುವ ಹಾಗೆ.

ನಮ್ಮ ರಸ್ತೆಯಲ್ಲಿ ಈಗ ನೀಲಿ ಬಟ್ಟೆ ಕಾರಿನ ಮೈಗೆ, ಹಳದಿ ಗಾಜಿಗೆ, ಹಳೇ ಲುಂಗಿ ವೀಲಿಗೆ. ಆಕೆಯೇ ಬಣ್ಣ ಆರಿಸಿದ್ದು. ಹನ್ನೊಂದು ಕಾರಿನವರು ಒಪ್ಪಿದ್ದಾರೆ. ಮೂಲೆ ಮನೆಯವರು ಮಾತ್ರ ದಿನಾ ತೊಳೆಯಲೇಬೇಕು ಅಂತ ಹಟ ಹಿಡಿದು, ಅವರ ಕಾರು ಅವರೇ ತೊಳೆಯುತ್ತಿದ್ದಾರೆ, ಪೈಪ್ ಹಿಡಿದು. ಮೊನ್ನೆ ಆಕೆ ಅವರ ಗೇಟಿನ ಮುಂದೆ ನಿಂತು, "ಸಾರ್, ಆ ಬಟ್ಟೆ ಕೆಳಗೆ ಬಿತ್ತಲ್ಲ, ಒಗೆದು ಹಾಕಿ" ಅಂದರಂತೆ.

ಇಂತಿ,
ಒಬ್ಬ ಹಳೇ ಪೇಂಟರ್,
ಕಾಮಾಕ್ಷಿಪಾಳ್ಯ, ಬೆಂಗಳೂರು